ಲಿಫ್ಟಣ್ಣನ ಕೋಳಿಮರಿ

ಬೆಳಿಗ್ಗೆ ಕಣ್ಣು ಬಿಡುವಷ್ಟರಲ್ಲಿ ಲಿಫ್ಟಣ್ಣನ ಫೋನಿನೊಳಗಿನ ಕೋಳಿಮರಿ ಕತ್ತು ವಾಲಿಸಿ ಬಿದ್ದಿತ್ತು.

ಅದು ಸಕ್ಕರೆ ಕಾಯಿಲೆಯ ಡಾಕ್ಟರು ಹಾಕಿಕೊಟ್ಟ ಆಟ. ಮಾತ್ರೆ ನುಂಗಿದರೆ ಮರಿಗೆ ಒಂದು ಕಾಳು, ಮಹಡಿ ಹತ್ತಿದರೆ ಹತ್ತು ಕಾಳು. ಸುಮ್ಮನೆ ಕೂತರೆ ಮರಿಗೆ ಉಪವಾಸ. "ಮುಂದಿನ ವಾರ ಚೆಕಪ್ಪಿಗೆ ಬರೋ ಹೊತ್ತಿಗೆ ಇದು ಕೋಳಿ ಆಗಿರ್ಬೇಕು. ಇಲ್ಲಾಂದ್ರೆ ದಿನಾ ಇಂಜೆಕ್ಷನ್ನೇ" ಎಂದು ಗದರಿ ಕಳಿಸಿದ್ದರು. ಆ ಚೆಕಪ್ಪು ಇವತ್ತು ಸಂಜೆಗೇ. ಲಿಫ್ಟಣ್ಣನೋ, ಹೆಂಡತಿ ಗುಂಡಿ ಹೊಲಿಯಲು ಸೂಜಿ ತೆಗೆದರೂ ಆಚೆ ಕೋಣೆಗೆ ಓಡುವ ಆಸಾಮಿ.

ದಿನಕ್ಕೆ ಎಂಟು ಗಂಟೆ ಲಿಫ್ಟಿನೊಳಗೆ ಸ್ಟೂಲಿನ ಮೇಲೆ ಕೂತು ಊರವರನ್ನೆಲ್ಲ ಹನ್ನೊಂದು ಮಹಡಿ ಹತ್ತಿಸಿ ಇಳಿಸುವವನು ತಾನು ಹತ್ತುವುದು ಯಾವಾಗ? ಆಟ ಕಟ್ಟಿದ ಬುದ್ಧಿವಂತರಿಗೆ ಇದು ಹೊಳೆದಿರಲಿಲ್ಲ. ಅವರೆಲ್ಲಿ ಸ್ಟೂಲಿನ ಮೇಲೆ ಕೂತು ಹೊಟ್ಟೆ ಹೊರೆದಿದ್ದಾರೆ!

ಡ್ಯೂಟಿಗೆ ಬಂದವನೇ, ಮರಿಯ ಸೋತ ಮುಖ ನೋಡಲಾರದೆ ಫೋನಿಗೆ ದಾರ ಕಟ್ಟಿ ಲಿಫ್ಟಿನ ಮೊಳೆಗೆ ನೇತುಹಾಕಿದ. ಆ ಲಿಫ್ಟು ಚಳಿಜ್ವರ ಬಂದವರ ಹಾಗೆ ಗಡಗಡ ನಡುಗುತ್ತ ಮೇಲೇರುವ ಮುದಿ ಯಂತ್ರ. ಫೋನು ತೊಟ್ಟಿಲಿನಂತೆ ತೂಗಾಡಿತು. ಹನ್ನೊಂದನೇ ಮಹಡಿ ಮುಟ್ಟಿದಾಗ ನೋಡಿದರೆ ಮರಿ ಎದ್ದು ಕೂತು ಕಾಳು ಹೆಕ್ಕುತ್ತಿದೆ! ಯಜಮಾನ ಮೆಟ್ಟಿಲು ಹತ್ತುತ್ತಿದ್ದಾನೆ ಎಂದು ಫೋನು ನಂಬಿಬಿಟ್ಟಿತ್ತು.

ಮೂರನೇ ಮಹಡಿಯ ಟೈಪಿಸ್ಟಕ್ಕ ಒಳಗೆ ಕಾಲಿಟ್ಟಳು.

"ಏನ್ ಲಿಫ್ಟಣ್ಣ, ಫೋನಿಗೆ ಜೋಕಾಲಿ ಆಡಿಸ್ತಿದ್ದೀಯಾ?"

"ಮೆಲ್ಲಗೆ ಮಾತಾಡಕ್ಕ, ಮರಿ ತಿಂತಾ ಇದೆ."

ಅಷ್ಟು ಸಾಕಾಯಿತು. ಕಟ್ಟಡದ ಅರ್ಧ ಜನಕ್ಕೆ ಅದೇ ಆಸ್ಪತ್ರೆ, ಅದೇ ಕೋಳಿಮರಿ. ಹತ್ತೇ ನಿಮಿಷದಲ್ಲಿ ಟೈಪಿಸ್ಟಕ್ಕನ ಥೈರಾಯ್ಡ್ ಮರಿ, ವಾಚ್‌ಮನ್‌ನ ಮಂಡಿನೋವಿನ ಮರಿ ಅಕ್ಕಪಕ್ಕದ ಮೊಳೆಗಳಲ್ಲಿ ಜೋಲಾಡಿದವು.

"ನಿನ್ ಮರಿ ನನ್ ಮರಿಗೆ ಡಿಕ್ಕಿ ಹೊಡೀತಿದೆ ಕಣಯ್ಯ!"

"ನಿಮ್ದನ್ನೇ ಆ ಕಡೆ ಸರಿಸ್ಕೊಳ್ಳಕ್ಕ, ನಂದು ಮೊದ್ಲೇ ಬಡಕಲು!"

ಮಧ್ಯಾಹ್ನ ಬಾಗಿಲು ತೆರೆದರೆ ಎದುರಿಗೆ ಮ್ಯಾನೇಜರು. ಒಳಗೆ ಬಗ್ಗಿದ ಅವರ ಬೋಳುತಲೆಗೆ ಒಂದು ಫೋನು ಬೀಸಿಬಂದು 'ಟಣ್' ಎಂದಿತು.

"ಏನಯ್ಯ ಇದು? ಲಿಫ್ಟೋ, ಕೋಳಿಗೂಡೋ?"

ಲಿಫ್ಟಣ್ಣ ತೊದಲುತ್ತ ಎಲ್ಲ ಒಪ್ಪಿಕೊಂಡ. ಕೆಲಸ ಹೋಯಿತು ಎಂದೇ ಕಣ್ಣು ಮುಚ್ಚಿದ. ಮ್ಯಾನೇಜರು ಅತ್ತಿತ್ತ ನೋಡಿ, ಬಾಗಿಲು ಎಳೆದುಕೊಂಡು, ಜೇಬಿನಿಂದ ತಮ್ಮ ಫೋನು ತೆಗೆದರು. ಅದರೊಳಗೆ ಬಿ.ಪಿ.ಯ ಮರಿಯೊಂದು ಕಾಲು ಮೇಲೆ ಮಾಡಿ ಮಲಗಿತ್ತು.

"ನಂದು ನಡುವಿನ ಮೊಳೆಗೆ ಕಟ್ಟು. ಎಲ್ಲಾದ್ರೂ ಬಾಯಿಬಿಟ್ರೆ ನಾಳೆಯಿಂದ ನಿನಗೆ ಆ ಸ್ಟೂಲೂ ಇರಲ್ಲ."

ಸಂಜೆ ಆಸ್ಪತ್ರೆಯಲ್ಲಿ ಲಿಫ್ಟಣ್ಣ ಎದೆಯುಬ್ಬಿಸಿ ಫೋನು ಮುಂದೆ ಹಿಡಿದ. ಕೋಳಿ ಮೈತುಂಬಿಕೊಂಡು ಪರದೆಯಲ್ಲಿ ಹಿಡಿಸುತ್ತಿರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಮ್ಯಾನೇಜರು ತೋಳಿಗೆ ಬಿ.ಪಿ. ಪಟ್ಟಿ ಸುತ್ತಿಸಿಕೊಂಡು ಕೂತಿದ್ದರು.

"ಒಂದೇ ದಿನ ಆರುನೂರ ಹನ್ನೆರಡು ಮಹಡಿ! ಭೇಷ್!" ಡಾಕ್ಟರು ಬೆನ್ನು ತಟ್ಟಿದರು. ಆಮೇಲೆ ರಕ್ತದ ರಿಪೋರ್ಟಿನ ಮೇಲೆ ಕಣ್ಣಾಡಿಸಿದರು. ನಗು ಇಳಿಯಿತು. "ಇಷ್ಟು ಹತ್ತಿದ್ರೂ ಸಕ್ಕರೆ ಮುನ್ನೂರ ಹತ್ತಾ? ಪಾಪ, ನಿಮ್ ತಪ್ಪೇನಿಲ್ಲ. ಮಾತ್ರೆ ಕೈಕೊಟ್ಟಿದೆ. ಸಿಸ್ಟರ್, ಇವರಿಗೆ ಇವತ್ತಿಂದ್ಲೇ ಇಂಜೆಕ್ಷನ್!"

"ಸಾರ್, ನಾನು ಹತ್ತಿದ್ದು ಅಂದ್ರೆ..."

ಪಕ್ಕದ ಕುರ್ಚಿ ಜೋರಾಗಿ ಕೆಮ್ಮಿತು.

"...ಅಂದ್ರೆ, ಹೌದು ಸಾರ್. ನಾನೇ ಹತ್ತಿದ್ದು."

ಸೂಜಿ ಇಳಿಯಿತು. ಲಿಫ್ಟಣ್ಣ ಕಣ್ಣು ಬಿಟ್ಟಾಗ ಫೋನಿನೊಳಗೆ ಕೋಳಿ ರೆಕ್ಕೆ ಬಡಿದು ಕುಣಿಯುತ್ತಿತ್ತು. ಅದರ ಕಾಲಬುಡದಲ್ಲಿ ಬೆಳ್ಳಗೆ ಏನೋ ಉರುಳಿತು.

"ಸೂಜಿಗೊಂದು ಮೊಟ್ಟೆ ಅಣ್ಣ," ನರ್ಸಮ್ಮ ಹುರಿದುಂಬಿಸಿದಳು. "ದಿನಕ್ಕೆ ಎರಡು!"