ನಿಲ್ಲಿ ಅನ್ನುವವರೆಗೂ ಓಡಿ

ಒಬ್ಬರ ಬಾಯಲ್ಲಿ ವಿಷಲ್ ಇದ್ದು, ಉಳಿದವರೆಲ್ಲ ಬಾಯಿ ಮುಚ್ಚಿಕೊಂಡಿರಬೇಕು ಅನ್ನುವ ಜಾಗ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ನಾನು ಹೊಸೂರಿನ ಒಂದು ಬಿಡಿಭಾಗದ ಕಾರ್ಖಾನೆಯಲ್ಲಿ ಅಸೆಂಬ್ಲಿ ಲೈನಿನವಳು. ಕಾರ್ಮಿಕ ಕಾನೂನನ್ನು ಶಿಫ್ಟ್ ಬಸ್ಸಿನಲ್ಲಿ ಕೂತು ನಾನೇ ಓದಿಕೊಂಡೆ. ಅದರಿಂದ ಸಿಕ್ಕ ಬಿರುದು ಜಗಳಗಂಟಿ. ಇರಲಿ. ಜಗಳ ಆಡದವರಿಗೆ ಈ ಊರಲ್ಲಿ ಕುಡಿಯುವ ನೀರೂ ಸಿಗುವುದಿಲ್ಲ.

ನಮ್ಮ ಕಾರ್ಖಾನೆಗೆ ಹೆಂಗಸರ ಕಬಡ್ಡಿ ಟೀಮಿದೆ. ನಾನು ಅದರಲ್ಲಿ ಮೂಲೆಯಲ್ಲಿ ನಿಂತು, ರೈಡಿಗೆ ಬಂದವರ ಕಾಲು ಹಿಡಿಯುವವಳು. ಬದುಕಿನಲ್ಲಿ ನಾನು ಕಾಲು ಹಿಡಿಯುವ ಜಾಗ ಅದೊಂದೇ. ಕೋಚು ಕೃಷ್ಣಗಿರಿ ಊರಿನವರು, ಹಳೇ ಆಟಗಾರ. ಬೈಯುವಾಗ ತಮಿಳು, ಹೊಗಳುವಾಗ ತೆಲುಗು, ಮಿಕ್ಕಿದ್ದಕ್ಕೆಲ್ಲ ಕನ್ನಡ. ಅವರ ತೆಲುಗನ್ನು ನಾವು ಕೇಳಿದ್ದು ಕಡಿಮೆ.

ಬಗ್ಗಿದ ಕಥೆ

ಹೊಸೂರಿನ ಪಕ್ಕದ ಮತ್ತಿಗಿರಿಯ ಮೈದಾನದಲ್ಲಿ ಮೊದಲ ದಿನವೇ ಅವರು ಕಾನೂನು ಹೇಳಿದರು: "ನನ್ನ ಗ್ರೌಂಡಲ್ಲಿ ನೋವು ಅನ್ನೋ ಮಾತು ಯಾರೂ ಆಡಬಾರ್ದು. ಆಡಿದ್ರೆ ಮನೆಗೆ."

ಒಂದು ಸಂಜೆ ಹಿಡಿತ ತೋರಿಸಲು ಬಗ್ಗಿದವರು ಬಗ್ಗಿದ ಹಾಗೇ ಉಳಿದುಬಿಟ್ಟರು. ಸೊಂಟ ಹಿಡಿದುಕೊಂಡಿತ್ತು. ಹಣೆಯಲ್ಲಿ ಬೆವರು. ಆದರೆ ಆ ಮಾತನ್ನು ಆಡುವ ಹಾಗಿಲ್ಲವಲ್ಲ, ಅವರದೇ ಕಾನೂನು! "ನೋಡ್ತಿದೀರಾ? ಹಿಂಗೇ ಬಗ್ಬೇಕು. ಎಲ್ಲಾರೂ ಬಗ್ಗಿ. ನಾನು ಎದ್ದಾಗ ಏಳ್ಬೇಕು" ಅಂದರು. ನಾವೆಲ್ಲ ಬಗ್ಗಿದೆವು. ಅವರು ಏಳಲಿಲ್ಲ, ನಾವೂ ಏಳಲಿಲ್ಲ. ಹೊತ್ತು ಇಳಿಯತೊಡಗಿತು. ದಾರಿಯಲ್ಲಿ ಹೋಗುತ್ತಿದ್ದ ಹೂವಿನವಳು ಬುಟ್ಟಿ ಕೆಳಗಿಟ್ಟು ಹತ್ತಿರ ಬಂದಳು.

"ಅಯ್ಯೋ ಪಾಪ. ಓಲೆ ಬಿದ್ದೋಯ್ತಾ? ಇರಿ, ನಾನೂ ಹುಡುಕ್ತೀನಿ" ಅಂದು ಅವಳೂ ಬಗ್ಗಿದಳು.

ತಟ್ಟೆಗೆ ಕೋಚಿಂಗ್

ಆಮೇಲೆ ಕೋಚಿನ ಕಣ್ಣು ನಮ್ಮ ಊಟದ ಮೇಲೆ ಬಿತ್ತು. ಮಧ್ಯಾಹ್ನ ತಿನ್ನುವುದರ ಫೋಟೊ ತೆಗೆದು ವಾಟ್ಸಾಪಿನಲ್ಲಿ ಹಾಕಬೇಕು. ಮೊಳಕೆ ಕಾಳು, ಮೊಟ್ಟೆ, ಸೌತೆಕಾಯಿ. ಕ್ಯಾಂಟೀನಿನ ಅನ್ನ ಸಾರು ಕಂಡರೆ ಮರುದಿನ ಮೈದಾನಕ್ಕೆ ಹೆಚ್ಚು ಸುತ್ತು. ಬೆಳಗಿನ ಜಾವ ಎದ್ದು ಮನೆ ಕೆಲಸ ಮುಗಿಸಿ ಶಿಫ್ಟಿಗೆ ಓಡುವ ಹೆಂಗಸು ಮೊಳಕೆ ಯಾವಾಗ ಕಟ್ಟುತ್ತಾಳೆ ಅಂತ ಅವರು ಕೇಳಲಿಲ್ಲ. ನಾವೂ ಹೇಳಲಿಲ್ಲ. ಒಬ್ಬಳು ಒಂದು ತಟ್ಟೆ ಚೆನ್ನಾಗಿ ಜೋಡಿಸಿ ತರುತ್ತಿದ್ದಳು. ಅದನ್ನೇ ಎಲ್ಲರೂ ಒಂದೊಂದು ಕೋನದಿಂದ ಫೋಟೊ ತೆಗೆದು ಕಳಿಸುತ್ತಿದ್ದೆವು.

ನಿಜ ಹೇಳಿದರೆ ಶಿಕ್ಷೆ ಕೊಡುವ ಗುರುವಿಗೆ ಸುಳ್ಳು ಹೇಳುವ ಶಿಷ್ಯರೇ ಸಿಗುವುದು. ಆಮೇಲೆ ಅವನು ತರಬೇತಿ ಕೊಡುವುದು ಮನುಷ್ಯರಿಗಲ್ಲ, ತಟ್ಟೆಗೆ.

ಒಂದು ವಾರ ಅವರು ಸುಮ್ಮನಿದ್ದರು. ಆಮೇಲೆ ಗುಂಪಿಗೆ ಅವರ ಮಾತು ಬಂತು: "ಎಲ್ಲಾ ಫೋಟೊದಲ್ಲೂ ತಟ್ಟೆ ಹಿಡ್ದಿರೋ ಹೆಬ್ಬೆಟ್ಟು ಒಂದೇ. ಕೆಂಪು ಉಗುರು ಬಣ್ಣ. ಟೀಮಿನ ಊಟವೆಲ್ಲ ಆ ತಾಯಿ ಒಬ್ಳೇ ತಿಂತಾವ್ಳೆ. ನಾಳೆ ಓಟಾನೂ ಅವಳೊಬ್ಳೇ ಓಡ್ಲಿ."

ಮನುಷ್ಯ ದಡ್ಡನಲ್ಲ ಅಂತ ಅವತ್ತೇ ನನಗೆ ಗೊತ್ತಾಯಿತು. ಸಿಟ್ಟು ಇನ್ನೂ ಹೆಚ್ಚಾಯಿತು. ತಟ್ಟೆಯ ಮೂಲೆಯ ಉಗುರು ಕಾಣುವವರಿಗೆ ಕಣ್ಣೆದುರಿನ ಮೊಣಕಾಲು ಯಾಕೆ ಕಾಣಲಿಲ್ಲ?

ಎರಡು ಮೊಣಕಾಲು

ಮೊಣಕಾಲು ನಮ್ಮ ರೈಡರದು. ತಳಿ ಅನ್ನುವ ಊರಿನ ಕಡೆಯ ಹುಡುಗಿ, ಟೀಮಿನಲ್ಲಿ ಅವಳಷ್ಟು ಚುರುಕು ಇನ್ನೊಬ್ಬರಿಲ್ಲ. ಕಾರ್ಖಾನೆಯಲ್ಲಿ ಟೆಂಪರರಿ. ಕೃಷ್ಣಗಿರಿಯ ಪಂದ್ಯಾವಳಿಯಲ್ಲಿ ಟೀಮು ಫೈನಲ್ ತಲುಪಿದರೆ ಟೀಮಿನಲ್ಲಿರುವ ಟೆಂಪರರಿಗಳನ್ನು ಪರ್ಮನೆಂಟ್ ಮಾಡುತ್ತೇವೆ ಅಂತ ಕಂಪನಿ ಹೇಳಿತ್ತು. ಅವಳು ಪ್ಯಾಂಟಿನ ಒಳಗೆ ಅವ್ವನ ಹಳೇ ಸೀರೆಯ ತುಂಡು ಸುತ್ತಿಕೊಂಡು ಆಡುತ್ತಿದ್ದಳು. ಬಿಚ್ಚಿದಾಗ ನೋಡಿದೆ. ಮೊಣಕಾಲು ಬೇಯಿಸಿದ ಗೆಣಸಿನ ಹಾಗೆ ಊದಿತ್ತು.

"ಕೋಚಿಗೆ ಹೇಳೇ."

"ಹೇಳಿದ್ರೆ ಟೀಮಿಂದ ತೆಗೀತಾರೆ ಅಕ್ಕ. ಟೀಮಿಂದ ತೆಗೆದ್ರೆ ಪರ್ಮನೆಂಟು ಹೋಯ್ತು."

"ಮೊಣಕಾಲು ಹೋದ್ರೆ?"

"ಮೊಣಕಾಲು ಎರಡವೆ ಅಕ್ಕ. ಪರ್ಮನೆಂಟು ಒಂದೇ."

ನಾನು ನಕ್ಕೆ. ಬಸ್ಸಿನಲ್ಲಿ ಕೂತ ಮೇಲೆ ಆ ನಗುವಿಗೆ ನಾಚಿಕೆಯಾಯಿತು.

ಕೈ ಎತ್ತುವ ವಿಚಾರ

ಮರುದಿನ ಕೋಚಿನ ಹತ್ತಿರ ಒಬ್ಬಳೇ ಹೋದೆ. ಹುಡುಗಿಯ ಹೆಸರು ಹೇಳಲಿಲ್ಲ. ಹೇಳಿದರೆ ಅವಳಿಗೆ ಮೋಸ. "ಸಾರ್, ಏಟು ಬಿದ್ದವರು ಹೆದರದೆ ಹೇಳೋ ಹಾಗಿರ್ಬೇಕು" ಅಂದೆ.

"ನೀನು ಇಲ್ಲೂ ಯೂನಿಯನ್ ಕಟ್ಟೋಕೆ ಬಂದ್ಯಾ? ನನ್ನ ಕೋಚು ದೊಣ್ಣೆ ಹಿಡ್ಕೊಂಡೇ ಕಲಿಸಿದ್ರು. ಭುಜ ಜಾರಿದ್ರೂ ಆಡಿಸಿದ್ರು. ಏನು, ನಾನು ಹಾಳಾಗೋದ್ನಾ?"

"ಆ ಕೈ ಒಂದ್ಸಲ ಮೇಲೆತ್ತಿ ಸಾರ್."

ಎತ್ತಿದರು. ಕಿವಿಯವರೆಗೆ ಬಂತು. ಅಲ್ಲಿಂದ ಮೇಲೆ ಹೋಗಲಿಲ್ಲ. ಇಬ್ಬರೂ ಆ ಕೈಯನ್ನೇ ನೋಡುತ್ತಾ ನಿಂತೆವು.

"ಅದು ಬೇರೆ ವಿಷಯ" ಅಂದು ಅದೇ ಕೈಯಲ್ಲಿ ತಲೆ ಕೆರೆದುಕೊಂಡು ಹೊರಟುಹೋದರು.

ಹೇಳಿದಷ್ಟೇ

ಕಾರ್ಖಾನೆಯಲ್ಲಿ ಯಾರೂ ಮಾತು ಕೇಳದಿದ್ದಾಗ ನಾವು ಕೆಲಸ ನಿಲ್ಲಿಸುವುದಿಲ್ಲ. ಮೇಲಿನವರು ಹೇಳಿದ್ದನ್ನು ಹೇಳಿದಷ್ಟೇ ಮಾಡುತ್ತೇವೆ. ಕೂದಲೆಳೆ ಹೆಚ್ಚಿಲ್ಲ, ಕೂದಲೆಳೆ ಕಡಿಮೆ ಇಲ್ಲ. ಆಗ ಗೊತ್ತಾಗುತ್ತದೆ, ಲೈನು ನಡೆಯುತ್ತಿದ್ದದ್ದು ಅವರ ಆರ್ಡರಿನಿಂದಲ್ಲ, ನಮ್ಮ ತಲೆಯಿಂದ ಅಂತ. ಮೈದಾನದಲ್ಲೂ ಅದನ್ನೇ ಮಾಡೋಣ ಅಂದೆ. ಎಲ್ಲರೂ ಒಪ್ಪಿದರು. ರೈಡರಿಗೆ ಮಾತ್ರ ಪೂರ್ತಿ ಹೇಳಲಿಲ್ಲ.

ಸಂಜೆ ಕೋಚು ವಿಷಲ್ ಊದಿ, "ಓಡಿ! ನಾನು ನಿಲ್ಲಿ ಅನ್ನೋವರೆಗೂ ಯಾರೂ ನಿಲ್ಬಾರ್ದು" ಅಂದರು. ಅಷ್ಟರಲ್ಲಿ ಅವರ ಭಾಮೈದನ ಫೋನು ಬಂತು, ಮಾವಿನಕಾಯಿ ಲೋಡಿನ ವಿಚಾರ. ಬೆನ್ನು ತಿರುಗಿಸಿ ಮಾತಿಗೆ ನಿಂತರು. ಸುತ್ತು ಓಡಿ ಅಂತ ಅವರು ಹೇಳಿರಲಿಲ್ಲ. ನಾವು ನೇರ ಓಡಿದೆವು. ಗೇಟು ದಾಟಿ ಹೊಸೂರಿನ ರಸ್ತೆ ಹಿಡಿದೆವು. ಗೇಟಿನ ಹೊರಗೆ ನಿಂತಿದ್ದ ಶೇರ್ ಆಟೊಗೆ ರೈಡರನ್ನು ಹತ್ತಿಸಿ, "ಎಲ್ಲೂ ನಿಲ್ಲಿಸ್ಬೇಡಣ್ಣ, ನಮ್ ಪಕ್ಕದಲ್ಲೇ ಬಾ" ಅಂದೆ.

ಸರ್ಕಲ್ಲಿನಲ್ಲಿ ಟ್ರಾಫಿಕ್ ಪೊಲೀಸಿನವರು ಕೈ ಅಡ್ಡ ಹಿಡಿದರು. "ಏನಮ್ಮಾ ಇದು ಮೆರವಣಿಗೆ? ಪರ್ಮಿಷನ್ ಇದೆಯಾ?"

"ನಿಲ್ಲೋ ಹಂಗಿಲ್ಲ ಸಾರ್! ಹಿಂದೆ ಬೈಕಲ್ಲಿ ಕೋಚು ಬತ್ತಾವ್ರೆ, ಅವರನ್ನೇ ಕೇಳಿ!"

ಕೋಚು ಬಂದರು. ಗಾಬರಿಯಲ್ಲಿ ಹೆಲ್ಮೆಟ್ ಬಿಟ್ಟು ಬಂದಿದ್ದರು. ಅವರು ಅಲ್ಲಿ ವಿವರಣೆ ಕೊಟ್ಟು, ದಂಡ ಕಟ್ಟಿ ನಮ್ಮನ್ನು ಹುಡುಕಿಕೊಂಡು ಬರುವ ಹೊತ್ತಿಗೆ ನಾವು ಮೂಳೆ ಡಾಕ್ಟರ ಕ್ಲಿನಿಕ್ಕಿನ ಮುಂದೆ, ನಿಂತಲ್ಲೇ ಓಡುತ್ತಿದ್ದೆವು. ಕಾಲಿಗೆ ಕಟ್ಟು ಹಾಕಿಸಿಕೊಂಡು ಕೂತವರೆಲ್ಲ ಕತ್ತು ಉದ್ದ ಮಾಡಿ ನೋಡುತ್ತಿದ್ದರು.

"ಯಾಕ್ರಮ್ಮಾ ಕುಣೀತಿದೀರಾ ಇಲ್ಲಿ?" ಅಂದರು ಕೋಚು.

"ಒಳಗೋಗಿ ಸಾರ್" ಅಂದೆ.

ಒಳಗೆ ರೈಡರ್ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ಬಾಗಿಲಿನಿಂದ ಎಲ್ಲ ಕೇಳುತ್ತಿತ್ತು. "ಇನ್ನೊಂದು ಆಟ ಆಡಿದ್ದರೆ ಆಪರೇಷನ್ನೇ ಗತಿ. ಮೊದಲೇ ಯಾಕಮ್ಮ ಹೇಳಲಿಲ್ಲ?" ಅಂದರು ಡಾಕ್ಟರು. ಹುಡುಗಿ ಕೋಚನ್ನು ನೋಡಿದಳು. ಅವರು ನೆಲ ನೋಡಿದರು. ಹೊರಗೆ ನಮ್ಮ ಕಾಲಿನ ಸದ್ದು ಮಾತ್ರ ನಿಂತಿರಲಿಲ್ಲ.

ಕೊನೆಗೆ ಕೋಚೇ ಹೇಳಿದರು: "ಹನ್ನೆರಡು ಜನರ ಟೀಮಲ್ಲಿ ಐದು ಜನ ಹೊರಗೆ ಕೂರೋದು ಆಟದ ರೂಲೇ. ನೀನು ಕೂತ್ಕೊ. ನಿನ್ನ ಹೆಸರು ನಾನು ತೆಗೆಯಲ್ಲ."

ಅವಳು ಅಳತೊಡಗಿದಳು. ಅವರು ಹೊರಗೆ ಬಂದು ನಮ್ಮನ್ನು ನೋಡಿ ಕೈ ಮುಗಿದರು. "ನಿಲ್ರಮ್ಮಾ, ತಾಯಂದ್ರಾ. ನಿಲ್ರಿ."

ಅರ್ಧ ಆಟ ಮುಗಿದಾಗ

ಕೃಷ್ಣಗಿರಿಯಲ್ಲಿ ನಾವು ಫೈನಲ್ ತಲುಪಿದೆವು, ಆ ಹುಡುಗಿಗೆ ಪರ್ಮನೆಂಟ್ ಆಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾರೂ ಉಸಿರು ಬಿಗಿಹಿಡಿದು ಕಾಯಬೇಡಿ. ಒಬ್ಬಳ ಅನ್ನ ಒಂದು ಆಟದ ಮೇಲೆ ಯಾಕೆ ನಿಲ್ಲಬೇಕು ಅನ್ನುವ ಜಗಳ ನನಗೂ ಕಂಪನಿಗೂ ಇನ್ನೂ ಇದೆ. ಅದು ಗೆದ್ದರೂ ಮುಗಿಯುವುದಿಲ್ಲ. ನಾನು ಹೇಳಬೇಕೆಂದದ್ದು ಸೆಮಿಫೈನಲ್ಲಿನಲ್ಲಿ ಅರ್ಧ ಆಟದ ಬಿಡುವಿನಲ್ಲಿ ನಡೆದದ್ದನ್ನು.

ಆ ಹೊತ್ತಿಗೆ ನಮ್ಮ ಕೋಚು ಬೇರೆ ಮನುಷ್ಯನಾಗಿದ್ದರು. ಪೂರ್ತಿ ಅಲ್ಲ, ಬೈಗುಳ ಹಾಗೇ ಇತ್ತು. ಆದರೆ ಬಿಡುವು ಸಿಕ್ಕಿದರೆ ಥರ್ಮೊಕೋಲ್ ಡಬ್ಬಿಯಲ್ಲಿ ಐಸ್ ಇಟ್ಟುಕೊಂಡು ಕುರ್ಚಿಯಲ್ಲಿ ಕೂತು, ಒಬ್ಬೊಬ್ಬರನ್ನೇ ಕರೆದು ಕೇಳುತ್ತಿದ್ದರು: "ಎಲ್ಲಿ ನೋಯ್ತದೆ? ನಿಜ ಹೇಳು. ತೆಗೆಯಲ್ಲ, ಹೇಳು." ಹೊರಗೆ ಕೂತ ರೈಡರ್ ಐಸನ್ನು ಬಟ್ಟೆಯಲ್ಲಿ ಕಟ್ಟಿ ಕೊಡುತ್ತಿದ್ದಳು.

ಅವತ್ತು ನಾವೆಲ್ಲ ತೋರಿಸಿ ಮುಗಿಸಿದೆವು. ಸಾಲು ಮುಗಿಯಲಿಲ್ಲ. ತಿರುಗಿ ನೋಡಿದರೆ ಬೇರೆ ಬಣ್ಣದ ಜರ್ಸಿ. ಎದುರಾಳಿ ಟೀಮಿನ ಕ್ಯಾಪ್ಟನ್ ಮಣಿಕಟ್ಟು ಹಿಡಿದು ನಿಂತಿದ್ದಳು. "ಸಾರ್, ನಂದೂ ಸ್ವಲ್ಪ ನೋಡ್ತೀರಾ? ನಮ್ ಕೋಚಿಗೆ ಹೇಳ್ಬೇಡಿ." ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ನಮ್ಮ ಕೋಚು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ, "ಕೂತ್ಕೊಮ್ಮ, ಎಲ್ಲಿ ನೋಯ್ತದೆ?" ಅಂದರು.

ಆಚೆ ಕಡೆ ಅವರ ಕೋಚು ವಿಷಲ್ ಊದಿದರು. ಒಬ್ಬರೂ ಹೋಗಲಿಲ್ಲ. ಮತ್ತೆ ಊದಿದರು. ಆಮೇಲೆ ಕಣ್ಣು ಕೆಂಪಗೆ ಮಾಡಿಕೊಂಡು ನಮ್ಮ ಕಡೆಗೇ ದಾಪುಗಾಲು ಹಾಕಿದರು. ಒಳ್ಳೇ ಜಗಳ ಅಂತ ನಾನು ಟೊಂಕ ಕಟ್ಟಿ ಮುಂದೆ ನಿಂತೆ. ಅವರು ನನ್ನನ್ನು ದಾಟಿ ನೇರ ಕುರ್ಚಿಯ ಹತ್ತಿರ ಹೋದರು. ಐಸ್ ನೋಡಿದರು, ತಮ್ಮ ಹುಡುಗಿಯರನ್ನು ನೋಡಿದರು. ಸುತ್ತಮುತ್ತ ಒಮ್ಮೆ ಕಣ್ಣಾಡಿಸಿ, ಮೆಲ್ಲಗೆ ಪ್ಯಾಂಟು ಮೇಲಕ್ಕೆ ಮಡಚಿದರು.

"ಅಣ್ಣಾ, ಈ ಹಿಮ್ಮಡಿ ಬಾಳ ದಿನದಿಂದ..."

ನಮ್ಮ ಕೋಚು ತಲೆ ಎತ್ತಲೂ ಇಲ್ಲ. "ಲೈನಲ್ಲಿ ಬಾಪ್ಪಾ. ನಿನಗಿಂತ ಮುಂಚೆ ನಿನ್ ಹುಡ್ಗೀರು ಬಂದವ್ರೆ."