ದವಾಖಾನಿ ಫ್ರಿಜ್ಜಿನ್ಯಾಗ ಬಂಗಡಿ ಮೀನು

ಔಷಧ ಕೊಡೂ ಕಿಟಕಿ ಹಿಂದ ಕುಂತವ ನಾಟಕ ನೋಡಾಕ ಟಿಕೀಟು ತಗಸಬೇಕಾಗಿಲ್ಲ. ನಾಟಕನ ಚೀಟಿ ಹಿಡಕೊಂಡು ಪಾಳಿ ಹಚ್ಚಿ ನಿಂತಿರತೈತಿ. ಎಪ್ಪತ್ತರ ದಶಕದಾಗ ನಾ ಒಂದು ಸರಕಾರಿ ದವಾಖಾನ್ಯಾಗ ಫಾರ್ಮಸಿಸ್ಟ್ ಆಗಿ ಸೇರಿದೆ. ಊರ ಹೆಸರು ಕೇಳಬ್ಯಾಡ್ರಿ, ಆ ಮಂದಿಯ ಮೊಮ್ಮಕ್ಕಳು ಇನ್ನೂ ಅಲ್ಲೇ ಅದಾರ. ದಾಂಡೇಲಿಗೂ ಹಳಿಯಾಳಕ್ಕೂ ನಡುವ ಎಲ್ಲೋ ಅನ್ಕೋರಿ.

ಬಾಗಿಲ ಮ್ಯಾಲ ‘ಫಾರ್ಮಸಿಸ್ಟ್’ ಅಂತ ಬೋರ್ಡ್ ಇದ್ರೂ ಊರಿಗೆಲ್ಲ ನಾ ಕಂಪೌಂಡರ್‌ನ. ಡಾಕ್ಟರ್ ಬರದದ್ದನ್ನ ಓದೂದು, ಸರಿ ಐತಿಲ್ಲೋ ನೋಡೂದು, ಹೆಂಗ ತಗೋಬೇಕಂತ ತಿಳಿಸಿ ಹೇಳೂದು, ಔಷಧ ಕೆಡದಂಗ ಕಾಯೂದು, ಇದು ನನ್ನ ಕೆಲಸ. ಯಾರಿಂದ ಕಾಯಬೇಕು ಅನ್ನೂದೊಂದನ್ನ ಕಾಲೇಜಿನ್ಯಾಗ ಯಾರೂ ಕಲಿಸಿರಲಿಲ್ಲ ನೋಡ್ರಿ.

೧. ಊಟಾದ ಮ್ಯಾಲ

ಜೋಯಿಡಾ ಕಡೆ ಹಳ್ಳಿಯ ಒಬ್ಬಾಕಿ ಸಿದ್ದಿ ಹೆಣ್ಮಗಳು ನಮ್ಮೂರ ಕಟ್ಟಿಗಿ ಡಿಪೋದಾಗ ಕೂಲಿ ಮಾಡ್ತಿದ್ಲು. ಕೆಮ್ಮಂತ ಬಂದ್ಲು. ನಾ ದೊಡ್ಡ ಶಾಣ್ಯಾನಂಗ ತಿಳಿಸಿ ಹೇಳಿದೆ: “ಇಕಾ ನೋಡವಾ, ದಿನಾ ಮೂರ ಗುಳಿಗಿ. ಊಟಾದ ಮ್ಯಾಲ ಒಂದೊಂದು.”

“ಎಷ್ಟ ಊಟ ಅಂದ್ರಿ?”

“ಮೂರು.”

“ನಮ್ಮನ್ಯಾಗ ಎರಡ ಅದಾವ. ಸಾವಕಾರ ಕೂಲಿ ಕೊಡದಿದ್ದ ದಿನ ಒಂದ.”

“ಹಂಗಾರ ಏನರ ತಿಂದು ತಗೋ.”

ಆಕಿ ಪುಡಿಕಿ ಬಿಚ್ಚಿದ್ಲು. ದಿನಕ್ಕ ಎರಡರಂಗ ಗುಳಿಗಿ ತಗೊಂಡು, ಉಳದದ್ದನ್ನ ಕಿಟಕಿ ಕಟ್ಟಿ ಮ್ಯಾಲ ಇಟ್ಟು ಅಂದ್ಲು: “ಗುಳಿಗಿ ಸರಕಾರ ಕೊಟ್ಟೈತಿ. ಇವಕ್ಕ ಊಟಾನೂ ಕೊಟ್ಟಾಗ ಹೇಳ್ರಿ ಬಾಬಾ, ಬಂದು ಒಯ್ತೇನಿ.”

೨. ಡಾಕ್ಟರರ ಮನಿ ಮೊಸರು

ಆವಾಗ ನಮ್ಮೂರಿಗೆ ಫ್ರಿಜ್ಜು ಅಂದ್ರ ನನ್ನ ಕೋಣ್ಯಾಗ ಇದ್ದದ್ದು ಒಂದ. ಅದರಾಗ ಹುಚ್ಚನಾಯಿ ಕಡದವರಿಗೆ ಮಾಡೂ ಸೂಜಿ ಔಷಧ ಇರತಿತ್ತು. ಅದು ತಣ್ಣಗಿದ್ರ ಔಷಧ, ಬೆಚ್ಚಗಾದ್ರ ಬರೀ ನೀರು. ನಾಯಿ ಕಡಿಸಿಕೊಂಡವರ ಜೀವ ಆ ಡಬ್ಬಿಯೊಳಗಿತ್ತು.

ಡಾಕ್ಟರರ ಮನಿಯವ್ರಿಗೆ ಮಾತ್ರ ಅದು ಮೊಸರಿಡೂ ಕಪಾಟು. ಮುಂಜಾನೆ ದೋಸಿ ಹಿಟ್ಟು, ಮಧ್ಯಾಹ್ನ ಮೊಸರು, ಸಂಜಿಗೆ ಬೆಣ್ಣಿ. ತಗಿಯೂದು, ಇಡೂದು, ಬಾಗಿಲಿಗೆ ಪುರಸೊತ್ತ ಇಲ್ಲ. ಡಾಕ್ಟರಿಗೆ ಹೇಳಿದ್ರ, “ನೀವ ಹೇಳ್ರಿ ಮಾರಾಯ್ರ, ನನಗ ಆಕಿ ಜೋಡಿ ಸಂಸಾರ ಮಾಡೂದೈತಿ,” ಅಂತ ಕೈ ಮುಗದ್ರು.

ನಾ ಹೋಗಿ ಭಾಳ ಮರ್ಯಾದಿಯಿಂದ ಕೇಳಿದೆ: “ಅಕ್ಕಾರ, ನಿಮ್ಮ ಮೊಸರಿನ ಬಾಜೂಕ ಇರೂ ಈ ಔಷಧ ಯಾತರಿಂದ ಮಾಡ್ತಾರ ಗೊತ್ತೇನ್ರಿ? ಕುರಿ ಮಿದುಳಿಂದ.”

ಸುಳ್ಳಲ್ಲರಿ, ಆಗಿನ ಕಾಲಕ್ಕ ಅದನ್ನ ಹಂಗ ಮಾಡ್ತಿದ್ರು. ಅಕ್ಕಾರು “ಅಯ್ಯ ಶಿವನ!” ಅಂತ ಚೀರಿ, ಮೂಗಿಗೆ ಸೆರಗ ಹಿಡಕೊಂಡು ಓಡಿದ್ರು. ಮೊಸರಿನ ಡಬ್ಬಿ ತಗೊಂಡೂ ಹೋಗಲಿಲ್ಲ. ಚೊಲೋ ಸ್ಟೀಲಿಂದದು. ನಮ್ಮನಿಯಾಕಿ ಇವತ್ತಿಗೂ ಅದರಾಗ ಹೆಪ್ಪ ಹಾಕ್ತಾಳ.

೩. ತಾಟು ಬಂತು

ಮೊಸರು ಹೋತು, ಮೀನ ಬಂತು. ಆ ಕಟ್ಟಿಗಿ ಡಿಪೋದ ಸಾವಕಾರರು ದವಾಖಾನಿ ಕಮಿಟಿಗೆ ಅಧ್ಯಕ್ಷರು. ಕಾರವಾರದ ಬಂಗಡಿ, ಗೋವಾದ ಬೀರು ಬಾಟ್ಲಿ, ಎರಡೂ ನನ್ನ ಫ್ರಿಜ್ಜಿಗೆ ಬರಾಕ ಹತ್ತಿದ್ವು. ಅವರ ಆಳು ಜಾಗ ಸಾಲದು ಅಂತ ಔಷಧದ ಡಬ್ಬಿ ತಗದು ಕಿಟಕ್ಯಾಗ ಬಿಸಲಿಗಿಟ್ಟ. ನನಗ ಪಿತ್ತ ನೆತ್ತಿಗೇರಿತು. ನೇರ ಸಾವಕಾರರ ಹತ್ರ ಹೋದೆ.

“ಕಮಿಟಿ ಅಧ್ಯಕ್ಷ ಯಾರಲೇ?” ಅಂದ್ರು.

“ನೀವರಿ.”

“ಫ್ರಿಜ್ಜು ಯಾರದು?”

“ಸರಕಾರದ್ದರಿ.”

“ಎರಡೂ ಒಂದ. ಹೋಗು.”

ಅಕ್ಕಾರಿಗೆ ಬಿಟ್ಟ ಬಾಣನ ಇವರಿಗೂ ಬಿಡೂಣು ಅಂತ ಆಳಿನ ಕಿವ್ಯಾಗ ಹೇಳಿ ಕಳಿಸಿದೆ: ಫ್ರಿಜ್ಜಿನ್ಯಾಗ ಕುರಿ ಮಿದುಳೈತಿ, ಸಾವಕಾರರಿಗೆ ತಿಳಿಸು. ಮರುದಿನ ಮೀನ ಹೋಗತೈತಿ ಅಂತ ಕಾಯ್ಕೊಂತ ಕುಂತೆ. ಆಳು ಬಂದ. ಕೈಯಾಗ ಒಂದು ದೊಡ್ಡ ತಾಟು.

“ಭೇಜಾ ಐತಂತಲ್ರಿ, ಕೊಡ್ರಿ. ಸಂಜಿಗೆ ದೋಸ್ತರು ಬರ್ತಾರಂತ, ಫ್ರೈ ಮಾಡಸ್ತಾರಂತ.”

೪. ಜಾತಿವಂತ ನಾಯಿ

ಒಂದಿನ ಆ ಸಿದ್ದಿ ಹೆಣ್ಮಗಳು ಕುಂಟಕೋತ ಬಂದ್ಲು. ಡಿಪೋ ಕಾಯೂ ಸಾವಕಾರರ ನಾಯಿ ಆಕಿ ಕಾಲಿನ ಮೀನಖಂಡಕ್ಕ ಬಾಯಿ ಹಾಕಿತ್ತು. ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ, ದಿನಕ್ಕೊಂದರಂಗ, ಅಂತ ಡಾಕ್ಟರ್ ಬರದ್ರು. ಆಕಿ ಹಿಂದನ ಸಾವಕಾರರೂ ಬಂದ್ರು.

“ಏನ್ ಹುಚ್ಚ ಹಿಡದೈತೇನ್ರಿ ನಿಮಗ? ಪುಣೆಯಿಂದ ತಂದ ಜಾತಿವಂತ ನಾಯಿ ಅದು! ಅರಿಶಿಣ ಹಚ್ಚಿ ಕಳಸ್ರಿ, ಸಾಕು. ಈಕಿ ದಿನಾ ಇಲ್ಲಿ ಬಂದು ಮಕ್ಕೊಂಡ್ರ ಡಿಪೋ ಕೆಲಸ ಯಾರ ಮಾಡ್ತಾರ?”

ಡಾಕ್ಟರ್ ಮಾಡಿನ ಹಂಚು ಎಣಸಾಕ ಹತ್ತಿದ್ರು. ಆಕಿ ಮಾತ್ರ ನನ್ನ ಮುಖಾ ನೋಡಿ ಅಂದ್ಲು: “ಬಾಬಾ, ಮನ್ಯಾಗ ಎರಡ ಸಣ್ಣ ಕೂಸದಾವ. ನಾ ಸಾಯಂಗಿಲ್ಲ.”

ನನಗ ಎಲ್ಲಿಂದ ಧೈರ್ಯ ಬಂತೋ! ಫ್ರಿಜ್ಜು ತಗದೆ. ಬಂಗಡಿ, ಬೀರು ಎಲ್ಲಾ ಎತ್ತಿ ಪಡಸಾಲಿಗೆ ಇಟ್ಟೆ. ಬಿಸಲು ಕಂಡ ಹಳೇ ಔಷಧ ಚೆಲ್ಲಿದೆ. ಅವತ್ತ ಧಾರವಾಡಕ್ಕ ಹೋಗಿ ಐಸ್ ತುಂಬಿದ ಫ್ಲಾಸ್ಕಿನ್ಯಾಗ ಹೊಸಾದು ತಂದು, ಫ್ರಿಜ್ಜಿಗೆ ಕೀಲಿ ಜಡದೆ. ಸಾವಕಾರರು, “ನಿನ್ನ ವರ್ಗಾ ಮಾಡಿಸಿ ಮುಂಡಗೋಡಕ್ಕ ಒಗಸ್ತೇನಿ!” ಅಂತ ಹಾರಾಡಿದ್ರು. ಮೀನು ದವಾಖಾನಿ ಬೆಕ್ಕಿನ ಪಾಲಾತು. ಆಕಿ ದಿನಾ ಬರ್ತಿದ್ಲು, ಹಲ್ಲ ಕಚ್ಚಿ ಸೂಜಿ ಮಾಡಿಸ್ಕೊಂತಿದ್ಲು, ಹೋಗ್ತಿದ್ಲು.

ಆಕಿ ಸೂಜಿ ಇನ್ನೂ ಅರ್ಧಾ ಮುಗದಿರಲಿಲ್ಲ, ಒಂದ ಮುಂಜಾನೆ ಸಾವಕಾರರನ್ನ ನಾಕ ಮಂದಿ ಹೊತ್ತು ತಂದ್ರು. ಜಾತಿವಂತ ನಾಯಿ ಜೊಲ್ಲ ಸುರಿಸಿ, ಧಣಿ ತೊಡಿಗೇ ಬಾಯಿ ಹಾಕಿ, ಅಡವಿ ಹೊಕ್ಕಿತ್ತು.

“ಮುಂಬೈಯಿಂದ ಬ್ಯಾರೆ ಔಷಧ ತರಸ್ರಿ!”

“ಎಲ್ಲಾರಿಗೂ ಇದ ಐತ್ರಿ.”

ಸಾವಕಾರರು ಬಾಕಿನ ಮ್ಯಾಲ ಅಂಗಿ ಎತ್ತಿ ಮಕ್ಕೊಂಡ್ರು. ಡೊಳ್ಳೊಟ್ಟಿ ಗದಗದ ನಡಗತಿತ್ತು. ಸೂಜಿ ನೋಡಿ ಸಣ್ಣ ದನಿಯಿಂದ ಕೇಳಿದ್ರು: “ಕಂಪೌಂಡರ್‌ಸಾಹೇಬ್ರ... ಇದನ್ನ ತಣ್ಣಗ ಇಟ್ಟೀರಿಲ್ಲೋ? ಕೆಟ್ಟಿಲ್ಲ ಹೌದಿಲ್ಲೋ?”

“ನಿಮ್ಮ ಬಂಗಡಿ ಹೊರಗ ಹೋದಾಗಿಂದ ಭಾಳ ತಣ್ಣಗೈತ್ರಿ.”

“ಯಾತರಿಂದ ಮಾಡಿದ್ದು?”

“ಭೇಜಾ ಐತ್ರಿ ಸಾವಕಾರ್ರ. ಅವತ್ತು ತಾಟು ಕಳಿಸಿದ್ರಲ್ಲ, ಅದ. ಫ್ರೈ ಮಾಡೂದೊಂದು ಆಗಲಿಲ್ಲ ನೋಡ್ರಿ.”

ಸೂಜಿ ಇಳಿಯಿತು. ಸಾವಕಾರರು “ಯವ್ವಾ!” ಅಂತ ಒದರಿದ್ದು ಸಂತಿಪ್ಯಾಟಿ ತನಕ ಕೇಳಿಸಿರಬೇಕು. ಬಾಜೂ ಬಾಕಿನ ಮ್ಯಾಲ ತನ್ನ ಸೂಜಿ ಮುಗಿಸಿಕೊಂಡು ಸೀರಿ ಸರಿ ಮಾಡ್ಕೊಳಾಕತ್ತಿದ್ದ ಆ ಹೆಣ್ಮಗಳು ಎದ್ದು ಬಂದು, ಅವರ ಮುಖದ ಮ್ಯಾಲ ಬಗ್ಗಿ, ಕೂಸಿಗೆ ಸಮಾಧಾನ ಮಾಡಿದಂಗ ಅಂದ್ಲು:

“ಜಾತಿವಂತ ನಾಯಿ ರೀ ಸಾವಕಾರ್ರ, ಅರಿಶಿಣ ಹಚ್ಚಿದ್ರ ಸಾಕಿತ್ತು. ನೀವ ದಿನಾ ಇಲ್ಲಿ ಬಂದು ಮಕ್ಕೊಂಡ್ರ ಡಿಪೋ ಕೆಲಸ ಯಾರ ಮಾಡ್ತಾರ?”