ಕಥೆಯ ತಾಯಿ ಮೂರು ಸಲ ಹೇಳಿದ ಮಾತು

ಹೇಳಿದ್ದನ್ನೇ ಹೇಳುವ ಕಥೆಗಾರನನ್ನು ಕಂಡರೆ ಓದುಗರಿಗೆ ಎರಡು ಅನುಮಾನ ಬರುತ್ತವೆ: ಒಂದೋ ಈತನ ಸರಕು ಮುಗಿದಿದೆ, ಇಲ್ಲವೇ ಈತನಿಗೆ ಮರೆವು. ನಾನೂ ಅಂಥವನೇ. ನನ್ನ ಕಥೆಗಳಲ್ಲಿ ಮುಖ್ಯವಾದ ಮಾತು ಮೂರು ಸಲ ಬರುತ್ತದೆ. ಇದಕ್ಕೆ ಶೈಲಿ, ಲಯ, ತಂತ್ರ ಎಂದೆಲ್ಲ ದೊಡ್ಡ ಹೆಸರುಗಳಿವೆಯಂತೆ. ನನಗೆ ಮಾತ್ರ ಇದು ಬಂದದ್ದು ದೊಡ್ಡಬಳ್ಳಾಪುರದ ನಮ್ಮ ಮನೆಯಿಂದ. ನಡುಮನೆಯ ಪಕ್ಕದಲ್ಲೇ ಪವರ್‌ಲೂಮುಗಳು ಓಡುತ್ತಿದ್ದ ಮನೆ ಅದು. ಆ ಸದ್ದಿನಲ್ಲಿ ಮೊದಲ ಸಲ ಹೇಳಿದರೆ ಯಾರೋ ಏನೋ ಅಂದರು ಎಂದಷ್ಟೇ ಗೊತ್ತಾಗುತ್ತಿತ್ತು. ಎರಡನೆಯ ಸಲಕ್ಕೆ ವಿಷಯ ತಿಳಿಯುತ್ತಿತ್ತು. ಮೂರನೆಯ ಸಲಕ್ಕೆ ಹೇಳಿದವರ ಮನಸ್ಸು ತಿಳಿಯುತ್ತಿತ್ತು. ನಾನು ಅಪ್ಪನ ಜೊತೆ ಜಗಳವಾಡಿ ಹೊರಟಾಗ ಅಮ್ಮ ಮೂರನೆಯ ಸಲ "ಉಂಡ್ಕೊಂಡ್ ಹೋಗೋ" ಎಂದರೆ, ಅದು ಬರೀ ಊಟದ ಮಾತಾಗಿರುತ್ತಿರಲಿಲ್ಲ. ಪಾಪ, ನೆಂಟರಿಗೆ ಈ ಪದ್ಧತಿ ಗೊತ್ತಿರಲಿಲ್ಲ. ಕಾಫಿ ಬೇಡವೆಂದು ಒಂದೇ ಸಲ ಹೇಳಿದವರು ನಮ್ಮ ಮನೆಯಲ್ಲಿ ಕಾಫಿ ಕುಡಿದೇ ಎದ್ದಿದ್ದಾರೆ.

ಅಮ್ಮನ ಆ ಮಾತನ್ನೇ ಇಟ್ಟುಕೊಂಡು ಒಂದು ಕಥೆ ಬರೆದೆ. ಮನೆ ಬಿಟ್ಟು ಹೊರಟ ಮಗಳಿಗೆ ತಾಯಿ ಮೂರು ಸಲ "ಉಂಡ್ಕೊಂಡ್ ಹೋಗೇ" ಅನ್ನುತ್ತಾಳೆ. ಮೂರನೆಯದಕ್ಕೆ ಮಗಳು ಚಪ್ಪಲಿ ಬಿಟ್ಟು ಒಳಗೆ ಬರುತ್ತಾಳೆ. ವರ್ಷಗಟ್ಟಲೆ ನನ್ನ ಕಥೆಗಳನ್ನು ವಾಪಸು ಕಳಿಸುತ್ತಿದ್ದ ವಾರಪತ್ರಿಕೆಯ ಸಂಪಾದಕರು ತಾವಾಗಿ ಫೋನ್ ಮಾಡಿದರು. ಹೆಂಡತಿಯೂ ಕೇಳಲಿ ಎಂದು ಸ್ಪೀಕರ್ ಹಾಕಿದೆ.

"ಕಥೆ ಚೆನ್ನಾಗಿದೆ. ಆ ಊಟದ ಮಾತು ಒಂದು ಸಲ ಇರಲಿ, ಇನ್ನೆರಡು ತೆಗೆದುಕೊಡಿ. ಇಲ್ಲಾಂದ್ರೆ ಹಾಕೋದು ಕಷ್ಟ" ಎಂದರು.

"ತೆಗ್ದುಬಿಡಿ, ಒಂದ್ಸಲ ಹೇಳಿದ್ರೆ ಜನಕ್ಕೆ ಅರ್ಥ ಆಗಲ್ವಾ" ಎಂದು ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಹೆಂಡತಿ ಪಿಸುಗುಟ್ಟಿದಳು. ಅವಳು ಹೊಸಕೋಟೆಯವಳು. ತವರಲ್ಲಿ ಮಗ್ಗವಿಲ್ಲ, ಏನಿದ್ದರೂ ಒಂದೇ ಸಲ, ಅದೂ ಮೆಲ್ಲಗೆ ಹೇಳುವ ಜನ.

"ತೆಗೆಯಲ್ಲ ಸಾರ್" ಎಂದೆ.

"ಹಲೋ?"

"ತೆಗೆಯಲ್ಲ ಸಾರ್."

"ಅಲ್ರೀ, ಎರಡು ಸಾಲಿಗೋಸ್ಕರ ಕಥೇನೇ ಬಿಟ್ಕೊಡ್ತೀರಾ?"

ನನಗೆ ನಿಜಕ್ಕೂ ಭಯವಾಯಿತು. ಇಂಥ ಅವಕಾಶ ಮತ್ತೆ ಬರುವ ಖಾತರಿಯಿಲ್ಲ. ಆದರೆ ಆ ಎರಡು ಸಾಲು ಹೋದರೆ ಮಗಳು ಏಕೆ ತಿರುಗಿ ಬಂದಳೆಂದು ಯಾರಿಗೆ ತಿಳಿಯಬೇಕು? ಹಸಿವಾಗಿತ್ತೇನೋ, ಬಂದಳು ಅಂದುಕೊಳ್ಳುತ್ತಾರೆ. ಅಚ್ಚಾಗದಿದ್ದರೂ ಸರಿ, ಅಮ್ಮನ ಬಾಯಿ ಮುಚ್ಚಿಸಲಾರೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ.

"ತೆಗೆಯಲ್ಲ ಸಾರ್" ಎಂದೆ. ಈ ಸಲ ದನಿ ನಡುಗಿತು.

"ಇರ್ಲಿ ಬಿಡಿ. ಈಗ ನೀವು ಹೇಳಿದ್ದು ಕೇಳಿದ್ಮೇಲೆ ತೆಗೆಯೋಕೆ ಮನಸ್ಸು ಬರ್ತಿಲ್ಲ" ಎಂದು ಫೋನ್ ಇಟ್ಟರು.

ಕಥೆ ಒಂದಕ್ಷರವೂ ಬಿಡದೆ ಅಚ್ಚಾಯಿತು. ಹೆಂಡತಿ ಕಿಟಕಿಯ ಹತ್ತಿರ ಕೂತು ಕೊನೆಯವರೆಗೂ ಓದಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು, "ಆ ಮೂರನೇದು ಇಲ್ದಿದ್ರೆ ಕಥೇನೇ ಇರ್ತಿರ್ಲಿಲ್ಲ" ಎಂದಳು. ಮದುವೆಯಾದಾಗಿನಿಂದ ನನ್ನ ಬರವಣಿಗೆಯ ಬಗ್ಗೆ ಅವಳ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು. ನನಗೆ ಸ್ಪಷ್ಟವಾಗಿಯೇ ಕೇಳಿಸಿತ್ತು. ಆದರೂ ಇನ್ನೆರಡು ಸಲ ಕೇಳುವ ಆಸೆಯಿಂದ "ಏನಂದೆ?" ಎಂದೆ.

"ಒಂದ್ಸಲ ಹೇಳಾಯ್ತಲ್ಲ" ಎಂದು ಪತ್ರಿಕೆ ಮಡಿಸಿಟ್ಟು ಅಡುಗೆಮನೆಗೆ ಹೋದಳು.